ಸಯಾಟಿಕಾ ನೋವಿಗೆ ಆಸ್ಟಿಯೋಪತಿ ಮಾಡಿಸಬಹುದಾ? ಮಾಡಿಸಿದವರು ಇದ್ದರೆ ಹೇಳಿ

ಹಾಸನದವಳು (ಈಗ ರೆಡಿಂಗ್, ಇಂಗ್ಲೆಂಡ್):

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹತ್ತಿರ ಆಯ್ತು, ಎಡಗಾಲಿನಲ್ಲಿ ಸಯಾಟಿಕಾ, ಅಂದರೆ ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು. ಸೊಂಟದಲ್ಲಿ ಅಷ್ಟೇನೂ ನೋವಿಲ್ಲ, ಆದರೆ ಅಲ್ಲಿಂದ ಕೆಳಗೆ ತೊಡೆಯ ಹಿಂಭಾಗ, ಮೀನಖಂಡ, ಪಾದದ ಹೊರ ಅಂಚಿನವರೆಗೂ ಕರೆಂಟ್ ಹೊಡೆದ ಹಾಗೆ ಸೆಳೆಯುತ್ತದೆ. ಕಿರುಬೆರಳ ಹತ್ತಿರ ಜೋಮು. ಕೂತರೆ ಜಾಸ್ತಿ, ಕೆಮ್ಮಿದರೆ ಇನ್ನೂ ಜಾಸ್ತಿ. ಓಡಾಡಿಕೊಂಡಿದ್ದರೆ ಹೇಗೋ ತಡೆದುಕೊಳ್ಳಬಹುದು.

ಜಿಪಿ (ಇಲ್ಲಿಯ ಫ್ಯಾಮಿಲಿ ಡಾಕ್ಟರ್) ಕಾಲೆತ್ತಿಸಿ ನೋಡಿದರು. ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ನರಕ್ಕೆ ಒತ್ತುತ್ತಿರಬಹುದು, ಎಂಆರ್‌ಐ ಈಗ ಬೇಡ ಎಂದು ಹೇಳಿ ಫಿಸಿಯೋಗೆ ಬರೆದುಕೊಟ್ಟರು. ನನ್ನ ಸರದಿ ಬರಲು ಇನ್ನೂ ವಾರಗಟ್ಟಲೆ ಕಾಯಬೇಕಂತೆ. ಅಷ್ಟರಲ್ಲಿ ಆಫೀಸಿನವರೊಬ್ಬರು ಆಸ್ಟಿಯೋಪಾತ್ (ಸ್ನಾಯು, ಕೀಲುಗಳಿಗೆ ಕೈಯಿಂದ ಚಿಕಿತ್ಸೆ ಕೊಡುವವರು) ಹತ್ತಿರ ಹೋಗು, ಕೈಯಲ್ಲೇ ಸರಿ ಮಾಡುತ್ತಾರೆ ಎಂದರು. ವಿಚಾರಿಸಿದೆ, ಒಂದು ಸಲಕ್ಕೆ 60 ಪೌಂಡ್. ಊರಿನಿಂದ ಅಮ್ಮ, ಗೊತ್ತಿಲ್ಲದವರ ಕೈಗೆ ಬೆನ್ನು ಕೊಡಬೇಡ, ಇಲ್ಲಿಗೆ ಬಾ, ಆಯುರ್ವೇದದ ಕಟಿ ಬಸ್ತಿ ಮಾಡಿಸೋಣ ಎನ್ನುತ್ತಾರೆ.

ಕೈಯಿಂದ ಒತ್ತಿ ತಿರುಗಿಸಿದರೆ ಡಿಸ್ಕ್ ಒಳಗೆ ಹೋಗುತ್ತದಾ? ಇಲ್ಲಾಂದ್ರೆ ಇದಕ್ಕೆ ದುಡ್ಡು ಕೊಡುವುದರಲ್ಲಿ ಅರ್ಥ ಇದೆಯಾ? ಲಟಕ್ ಅನ್ನಿಸುತ್ತಾರಲ್ಲ, ಅದನ್ನು ನೆನೆಸಿಕೊಂಡರೇ ಭಯ.

ಲೆಸ್ಟರ್ ಕನ್ನಡಿಗ:

ಅಕ್ಕ, ನಾನು ಹೋಗಿದ್ದೆ. ನನಗೆ ಬಲಗಾಲು. ಮೊದಲನೇ ದಿನ ಅರ್ಧ ಹೊತ್ತು ಮುಟ್ಟಲೇ ಇಲ್ಲ, ಬರೀ ಪ್ರಶ್ನೆ. ಆಮೇಲೆ ಸುತ್ತಿಗೆಯಲ್ಲಿ ಮಂಡಿ, ಹಿಮ್ಮಡಿ ತಟ್ಟಿ ನೋಡಿದರು, ಹೆಬ್ಬೆರಳು ಎತ್ತಿಸಿದರು, ತುದಿಗಾಲಲ್ಲಿ ನಿಲ್ಲಿಸಿದರು. ಮಗ್ಗುಲಾಗಿ ಮಲಗಿಸಿ ಸೊಂಟದ ಸ್ನಾಯು ನಿಧಾನ ಸಡಿಲ ಮಾಡಿದರು. ಇನ್ನೊಂದು ಮಾಡಿದರು, ಅದು ನನಗೆ ಹಿಡಿಸಿತು. ಅವರು ಕಾಲು ಹಿಡಿದುಕೊಳ್ಳುತ್ತಾರೆ, ನಾವು ಅವರ ಕೈಗೆ ವಿರುದ್ಧವಾಗಿ ಮೆಲ್ಲಗೆ ಒತ್ತಬೇಕು, ಕೆಲವು ಸೆಕೆಂಡ್ ಆದಮೇಲೆ ಬಿಡಬೇಕು, ಆಗ ಅವರು ಇನ್ನೂ ಸ್ವಲ್ಪ ಎಳೆಯುತ್ತಾರೆ. ಲಟಕ್ ಬೇಡ ಅಂತ ಮೊದಲೇ ಹೇಳಿದ್ದೆ, ಮಾಡಲಿಲ್ಲ. ನೀವೂ ಹಾಗೇ ಹೇಳಬಹುದು, ಬೇಜಾರು ಮಾಡಿಕೊಳ್ಳುವುದಿಲ್ಲ.

ನೋವು ಹೋಯಿತಾ ಅಂದರೆ, ಮಾಡಿಸಿಕೊಂಡ ದಿನ ಮತ್ತು ಮರುದಿನ ಹಗುರ, ಚೆನ್ನಾಗಿ ನಿದ್ದೆ. ಆಮೇಲೆ ಮತ್ತೆ ಬರುತ್ತಿತ್ತು, ಆದರೆ ಮೊದಲಿನಷ್ಟು ಅಲ್ಲ. ಆ ಹಗುರ ಇದ್ದ ಹೊತ್ತಿನಲ್ಲಿ ನಡಿಗೆ ಶುರು ಮಾಡಿದ್ದು ನನಗೆ ದೊಡ್ಡ ಉಪಕಾರವಾಯಿತು.

ಹೋಗುವ ಮುಂಚೆ ಜನರಲ್ ಆಸ್ಟಿಯೋಪತಿಕ್ ಕೌನ್ಸಿಲ್ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಿ. ಇಲ್ಲಿ 1993ರ ಕಾಯ್ದೆ ಪ್ರಕಾರ ನೋಂದಣಿ ಇಲ್ಲದವರು ಆಸ್ಟಿಯೋಪಾತ್ ಎಂದು ಹೇಳಿಕೊಳ್ಳುವ ಹಾಗೇ ಇಲ್ಲ.

ಮೈಸೂರು ಫಿಸಿಯೋ:

ಮೇಡಂ, ನಾನು ಫಿಸಿಯೋಥೆರಪಿಸ್ಟ್. ನಿಮ್ಮ ಮೊದಲನೇ ಪ್ರಶ್ನೆಗೆ ನೇರ ಉತ್ತರ: ಇಲ್ಲ, ಯಾರ ಕೈಯಿಂದಲೂ ಡಿಸ್ಕ್ ಒಳಗೆ ಹೋಗುವುದಿಲ್ಲ. ಆಸ್ಟಿಯೋಪಾತ್ ಆಗಲಿ, ಕೈರೋಪ್ರಾಕ್ಟರ್ (ಮುಖ್ಯವಾಗಿ ಬೆನ್ನುಮೂಳೆಗೆ ಕೈ ಚಿಕಿತ್ಸೆ ಮಾಡುವವರು) ಆಗಲಿ, ನಾನಾಗಲಿ, ಹೊರಗಿನಿಂದ ಒತ್ತಿ ಅದನ್ನು ಜಾಗಕ್ಕೆ ಕೂರಿಸುತ್ತೇನೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಡಿಸ್ಕಿನ ಹೊರಗಿನ ಉಂಗುರ ಹರಿದು ಒಳಗಿನ ಮೆತ್ತನೆಯ ಭಾಗ ಆಚೆ ಬಂದಿರುತ್ತದೆ. ಅದು ನರದ ಬೇರನ್ನು ಒತ್ತುವುದಷ್ಟೇ ಅಲ್ಲ, ಅಲ್ಲಿ ಉರಿಯೂತವನ್ನೂ ಮಾಡುತ್ತದೆ. ಅದಕ್ಕೇ ಅಷ್ಟು ಉರಿ, ಅಷ್ಟು ಸೆಳೆತ.

ಸಮಾಧಾನದ ಸಂಗತಿ ಏನೆಂದರೆ, ಆಚೆ ಬಂದ ಆ ತುಣುಕನ್ನು ನಮ್ಮ ದೇಹವೇ ಮೆಲ್ಲಗೆ ಕರಗಿಸುತ್ತದೆ. ಪೂರ್ತಿ ಹೊರಬಂದ ದೊಡ್ಡ ತುಣುಕುಗಳೇ ಚಿಕ್ಕ ಉಬ್ಬುಗಳಿಗಿಂತ ಜಾಸ್ತಿ ಕರಗುತ್ತವೆ. ಹೆಚ್ಚಿನವರಿಗೆ ಕೆಲವು ವಾರಗಳಿಂದ ಕೆಲವು ತಿಂಗಳಲ್ಲಿ ಆಪರೇಷನ್ ಇಲ್ಲದೆಯೇ ನೋವು ಇಳಿಯುತ್ತದೆ.

ಹಾಗಾದರೆ ಕೈ ಚಿಕಿತ್ಸೆ ಯಾಕೆ? ಬಿಗಿ ಹಿಡಿದ ಸ್ನಾಯು ಸಡಿಲವಾಗುತ್ತದೆ, ನೋವಿನ ಸೂಕ್ಷ್ಮತೆ ಸ್ವಲ್ಪ ಹೊತ್ತು ಕಡಿಮೆಯಾಗುತ್ತದೆ, ಬಗ್ಗುವ ಭಯ ಹೋಗುತ್ತದೆ. ಲೆಸ್ಟರ್‌ನವರಿಗೆ ಆಗಿದ್ದು ಅದೇ. 2000ನೇ ಇಸವಿಯಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಡಿಸ್ಕ್‌ನಿಂದ ಸಯಾಟಿಕಾ ಬಂದ 40 ಜನರನ್ನು ತೆಗೆದುಕೊಂಡರು. ಅರ್ಧ ಜನಕ್ಕೆ ಆಸ್ಟಿಯೋಪತಿ, ಉಳಿದವರಿಗೆ ಡಿಸ್ಕ್ ಕರಗಿಸುವ ಇಂಜೆಕ್ಷನ್. ಮೊದಲ ಕೆಲವು ವಾರ ಬೆನ್ನುನೋವಿನಲ್ಲಿ ಆಸ್ಟಿಯೋಪತಿಯವರು ಮುಂದಿದ್ದರು, ವರ್ಷದ ಕೊನೆಗೆ ಎರಡೂ ಗುಂಪು ಒಂದೇ. ಜನ ತೀರಾ ಕಡಿಮೆ, ಹಾಗಾಗಿ ಇದನ್ನೇ ಹಿಡಿದುಕೊಂಡು ದೊಡ್ಡ ಮಾತು ಆಡಲಾಗುವುದಿಲ್ಲ, ಆದರೂ ಸುಳ್ಳು ಚಿಕಿತ್ಸೆ ಎಂದು ತಳ್ಳಿಹಾಕುವುದೂ ಸರಿಯಲ್ಲ.

ನೀವಿರುವ ದೇಶದ ನೈಸ್ (ಚಿಕಿತ್ಸೆಗಳಿಗೆ ಮಾರ್ಗಸೂಚಿ ಕೊಡುವ) ಸಂಸ್ಥೆ 2016ರಲ್ಲಿ ಸೊಂಟನೋವು ಮತ್ತು ಸಯಾಟಿಕಾಗೆ ಕೊಟ್ಟ ಮಾರ್ಗಸೂಚಿ ಕೈ ಚಿಕಿತ್ಸೆಯನ್ನು ಒಪ್ಪುತ್ತದೆ, ಆದರೆ ವ್ಯಾಯಾಮದ ಜೊತೆಗೆ ಮಾತ್ರ. ಸುಮ್ನೆ ಮಲಗಿ ಉಜ್ಜಿಸಿಕೊಂಡು ಬರುವುದಕ್ಕೆ ಅಲ್ಲ. ಟ್ರ್ಯಾಕ್ಷನ್ (ಬೆನ್ನುಮೂಳೆಯನ್ನು ಎಳೆದು ಹಿಡಿಯುವುದು) ಬೇಡ, ಸೊಂಟದ ಬೆಲ್ಟ್ ಬೇಡ ಎಂದೂ ಅದೇ ಹೇಳಿದೆ. ನಮ್ಮ ಕಡೆ ಇವತ್ತಿಗೂ ಜನ ಬೆಲ್ಟ್ ಬಿಗಿದುಕೊಂಡು ವಾರಗಟ್ಟಲೆ ಮಲಗುತ್ತಾರೆ, ಆಮೇಲೆ ಏಳಲಿಕ್ಕೇ ಆಗದಷ್ಟು ಸೋತು ನನ್ನ ಹತ್ತಿರ ಬರುತ್ತಾರೆ. ನೋಡಿದರೆ ಸಂಕಟವಾಗುತ್ತದೆ.

ಅಮ್ಮನ ಕಟಿ ಬಸ್ತಿ ವಿಷಯ. ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬಿಸಿ ಎಣ್ಣೆ ನಿಲ್ಲಿಸಿದರೆ ಹಿತವಾಗುತ್ತದೆ, ನಿಜ. ಆದರೆ ಅದೊಂದಕ್ಕಾಗಿ ಇಷ್ಟು ಸೆಳೆತ ಇಟ್ಟುಕೊಂಡು ಹತ್ತು ಗಂಟೆ ವಿಮಾನದಲ್ಲಿ ಕೂತು ಬರುವುದು ಬೇಡ.

ಈಗ ಮುಖ್ಯವಾದದ್ದು. ನೀವು ಹೇಳುವ ಜಾಗ, ಅಂದರೆ ಪಾದದ ಹೊರ ಅಂಚು, ಕಿರುಬೆರಳು, ಸಾಮಾನ್ಯವಾಗಿ ಎಸ್1 (ಬೆನ್ನಿನ ತೀರಾ ಕೆಳಭಾಗದ) ನರದ ಬೇರಿನದು. ಗೋಡೆ ಹಿಡಿದುಕೊಂಡು ಎಡಗಾಲಿನ ತುದಿಯಲ್ಲಿ ಒಂಟಿಯಾಗಿ ಎದ್ದು ನಿಲ್ಲಿ, ಕೆಲವು ಸಲ ಏರಿ ಇಳಿಯಿರಿ. ಬಲಗಾಲಿನಷ್ಟೇ ಆಗುತ್ತದಾ ನೋಡಿ. ಎಡಗಾಲು ಸೋಲುತ್ತಿದ್ದರೆ ಆಸ್ಟಿಯೋಪಾತ್‌ಗಿಂತ ಮೊದಲು ಜಿಪಿಗೆ ಹೇಳಿ. ಮೂತ್ರ ಕಟ್ಟಿಕೊಂಡರೆ, ಗೊತ್ತಾಗದೆ ಹೋದರೆ, ಮಲದ ಹಿಡಿತ ತಪ್ಪಿದರೆ, ಎರಡೂ ಕಾಲಿಗೆ ನೋವು ಬಂದರೆ, ಸೈಕಲ್ ಸೀಟಿಗೆ ತಾಗುವ ಜಾಗದಲ್ಲಿ ಜೋಮು ಹಿಡಿದರೆ, ಯಾರನ್ನೂ ಕೇಳುತ್ತಾ ಕೂರಬೇಡಿ. ರಾತ್ರಿ ಎರಡು ಗಂಟೆಯಾಗಿದ್ದರೂ ನೇರವಾಗಿ ಎ ಅಂಡ್ ಇಗೆ (ಆಸ್ಪತ್ರೆಯ ತುರ್ತು ವಿಭಾಗಕ್ಕೆ) ಹೋಗಿ. ತಡ ಮಾಡಿದರೆ ಆ ನರಗಳು ಮತ್ತೆ ಸರಿಯಾಗದೇ ಇರಬಹುದು.

ಮಿಷಿಗನ್ ಮಲೆನಾಡಿಗ:

ಒಂದು ಗೊಂದಲ ತಪ್ಪಿಸಲು ಬರೆಯುತ್ತಿದ್ದೇನೆ, ಯಾಕೆಂದರೆ ನೆಟ್‌ನಲ್ಲಿ ಓದುವಾಗ ಎರಡು ದೇಶದ ವಿಷಯ ಬೆರೆಯುತ್ತದೆ. ಆಸ್ಟಿಯೋಪತಿ ಶುರು ಮಾಡಿದ್ದು ಇಲ್ಲಿಯ, ಅಂದರೆ ಅಮೆರಿಕದ, ಆಂಡ್ರ್ಯೂ ಟೇಲರ್ ಸ್ಟಿಲ್. 1874ರಲ್ಲಿ ತಮ್ಮ ಪದ್ಧತಿಯನ್ನು ಮುಂದಿಟ್ಟರು, 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದರು. ಅಮೆರಿಕದಲ್ಲಿ ಡಿಒ (ಆಸ್ಟಿಯೋಪತಿ ಪದ್ಧತಿಯ ವೈದ್ಯ ಪದವಿ) ಅಂದರೆ ಪೂರ್ತಿ ಡಾಕ್ಟರ್. ಔಷಧಿ ಬರೆಯುತ್ತಾರೆ, ಸರ್ಜರಿ ಮಾಡುತ್ತಾರೆ, ಕೈ ಚಿಕಿತ್ಸೆ ದಿನಾ ಮಾಡುವವರು ಅವರಲ್ಲಿ ಕಡಿಮೆ. ಇಂಗ್ಲೆಂಡಿನಲ್ಲಿ ಆಸ್ಟಿಯೋಪಾತ್ ವೈದ್ಯರಲ್ಲ, ಕೈ ಚಿಕಿತ್ಸೆಯೇ ಅವರ ಕೆಲಸ. ಬೆಂಗಳೂರಿನಲ್ಲಿ ಬೋರ್ಡ್ ನೋಡಿ ಹೋಗುವವರು ಏನು ಓದಿದ್ದೀರಿ, ಎಷ್ಟು ವರ್ಷ ಓದಿದ್ದೀರಿ ಎಂದು ಕೇಳಿಯೇ ಮಲಗಿ. ಫಿಸಿಯೋ ಓದಿ ಆಮೇಲೆ ಇದನ್ನು ಕಲಿತವರೂ ಇದ್ದಾರೆ, ಸಣ್ಣ ಕೋರ್ಸ್ ಮುಗಿಸಿ ಕೂತವರೂ ಇದ್ದಾರೆ.

ಹಾಸನದವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸರ್, ತುದಿಗಾಲಲ್ಲಿ ನಿಂತು ನೋಡಿದೆ, ಎಡಗಾಲು ಬಲಗಾಲಿನಷ್ಟೇ ಏಳುತ್ತದೆ, ಸೆಳೆತ ಮಾತ್ರ ಇದೆ. ಲಟಕ್ ಅನ್ನಿಸುವುದರಿಂದ ಡಿಸ್ಕ್ ಇನ್ನಷ್ಟು ಹೊರಬರುವುದಿಲ್ಲವಾ? ಆಸ್ಟಿಯೋಪಾತ್ ಕಡೆಯವರು 10 ಸಲದ ಪ್ಯಾಕೇಜ್ ಒಟ್ಟಿಗೆ ತೆಗೆದುಕೊಂಡರೆ ಕಡಿಮೆ ಮಾಡುತ್ತೇವೆ ಎಂದೂ ಹೇಳಿದ್ದಾರೆ.

ಮೈಸೂರು ಫಿಸಿಯೋ:

ಕಾಲು ಏಳುತ್ತಿದೆಯಲ್ಲ, ಒಳ್ಳೆಯದು. ವಾರಕ್ಕೊಮ್ಮೆ ಹಾಗೇ ನೋಡಿಕೊಳ್ಳಿ.

ಆ ಶಬ್ದ ಮೂಳೆ ಜಾಗಕ್ಕೆ ಬಿದ್ದದ್ದಲ್ಲ, ಬೆರಳಿನ ನೆಟಿಗೆ ಮುರಿದಾಗ ಬರುವುದೂ ಅದೇ, ಕೀಲಿನೊಳಗಿನ ಗಾಳಿಗುಳ್ಳೆ. ಬಂದರೂ ಬಾರದಿದ್ದರೂ ಗುಣದಲ್ಲಿ ವ್ಯತ್ಯಾಸವಿಲ್ಲ. ಸೊಂಟಕ್ಕೆ ಅದರಿಂದ ದೊಡ್ಡ ಅಪಾಯ ಅಪರೂಪ, ಆದರೆ ಕಾಲಿನವರೆಗೆ ಸೆಳೆತ ಇಷ್ಟು ಜೋರಾಗಿರುವಾಗ ನಾನಂತೂ ಜರ್ಕ್ ಕೊಟ್ಟು ತಿರುಗಿಸುವುದಿಲ್ಲ. ಮೂಳೆ ಟೊಳ್ಳಾಗುವ ಕಾಯಿಲೆ (ಆಸ್ಟಿಯೋಪೊರೋಸಿಸ್) ಇರುವವರು, ಕ್ಯಾನ್ಸರ್ ಆಗಿದ್ದವರು, ರಕ್ತ ತೆಳು ಮಾಡುವ ಮಾತ್ರೆ ಅಥವಾ ಸ್ಟಿರಾಯ್ಡ್ ತುಂಬಾ ದಿನದಿಂದ ತೆಗೆದುಕೊಳ್ಳುವವರು ಮೊದಲೇ ಹೇಳಲೇಬೇಕು.

ಪ್ಯಾಕೇಜ್ ಬೇಡ. ಒಂದೊಂದಕ್ಕೇ ದುಡ್ಡು ಕೊಡಿ. ಮೂರು ನಾಲ್ಕು ಸಲ ಆದಮೇಲೂ ಕೂರುವುದು, ಮಲಗುವುದು, ನಡೆಯುವುದು ಯಾವುದೂ ಸುಧಾರಿಸದಿದ್ದರೆ ನಿಲ್ಲಿಸಿ. ನೋವು ಪಾದದಿಂದ ಮೇಲಕ್ಕೆ, ಸೊಂಟದ ಕಡೆಗೆ ಸರಿದರೆ ಒಳ್ಳೆಯ ಲಕ್ಷಣ. ಸೊಂಟ ಹಗುರವಾಗಿ ಪಾದದ ಜೋಮು ಜಾಸ್ತಿಯಾದರೆ ಅಲ್ಲ.

ಜಯನಗರ:

ಆಪರೇಷನ್ ಹೆಸರು ಕೇಳಿದರೆ ಹೆದರಬೇಡಿ ಎಂದು ಹೇಳಲು ಬಂದೆ. ನನಗೆ ತಿಂಗಳುಗಟ್ಟಲೆ ಕಾದರೂ ಇಳಿಯಲಿಲ್ಲ, ಮಾಡಿಸಿಕೊಂಡೆ, ಕಾಲಿನ ನೋವು ಬೇಗ ಹೋಯಿತು. ಹಾಗಂತ ಅವಸರವೂ ಬೇಡ. ನೆದರ್‌ಲ್ಯಾಂಡ್ಸ್‌ನಲ್ಲಿ 283 ಜನರ ಮೇಲೆ ನಡೆಸಿದ ಅಧ್ಯಯನ 2007ರಲ್ಲಿ ಬಂತು. ಒಂದು ಗುಂಪಿಗೆ ಬೇಗ ಆಪರೇಷನ್, ಇನ್ನೊಂದು ಗುಂಪು ಕಾದು ನೋಡುವುದು. ಬೇಗ ಆಪರೇಷನ್ ಮಾಡಿಸಿಕೊಂಡವರಿಗೆ ಬೇಗ ಆರಾಮ, ಆದರೆ ವರ್ಷ ತುಂಬುವಾಗ ಎರಡೂ ಗುಂಪಿನಲ್ಲಿ 95% ಜನ ಚೇತರಿಸಿಕೊಂಡಿದ್ದರು. ಕಾಯುವ ಗುಂಪಿನ ಹೆಚ್ಚಿನವರಿಗೆ ಆಪರೇಷನ್ ಬೇಕೇ ಆಗಲಿಲ್ಲ. ತಡೆದುಕೊಳ್ಳುವ ಶಕ್ತಿ ಎಷ್ಟಿದೆ ಎಂಬುದು ನಿಮಗೆ ಮಾತ್ರ ಗೊತ್ತು.

ಲೆಸ್ಟರ್ ಕನ್ನಡಿಗ:

ಅಕ್ಕ, ಫಿಸಿಯೋ ಸರದಿಯನ್ನು ಮಾತ್ರ ಕ್ಯಾನ್ಸಲ್ ಮಾಡಬೇಡಿ. ಆಸ್ಟಿಯೋಪಾತ್ ಏನು ಕಂಡರು, ಏನು ಮಾಡಿದರು ಎಂದು ಜಿಪಿಗೆ ಒಂದು ಪತ್ರ ಬರೆದುಕೊಡಲು ಕೇಳಿ, ಬರೆದುಕೊಡುತ್ತಾರೆ. ರಾತ್ರಿ ಮಗ್ಗುಲಾಗಿ ಮಲಗಿ ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳಿ, ನನಗೆ ಅದರಿಂದಲೇ ನಿದ್ದೆ ಹತ್ತುತ್ತಿತ್ತು.