ಅಪ್‌ಡೇಟ್: ಕೊಳೆಯುತ್ತಿದ್ದ ಲೆವಿಸಿಯಾ ಈಗ ಹೂ ಬಿಟ್ಟಿದೆ

ನನ್ನ ಕಲ್ಲುತೋಟದ ಲೆವಿಸಿಯಾ ಕಾಟಿಲೆಡನ್ ಅನ್ನೋ ಬೆಟ್ಟದ ಹೂಗಿಡಗಳು ಬುಡದಲ್ಲಿ ಕೊಳೆಯುತ್ತಿವೆ, ಏನು ಮಾಡಲಿ ಅಂತ ಚಳಿಗಾಲದಲ್ಲಿ ಇಲ್ಲಿ ಕೇಳಿದ್ದೆ. ಚಳಿಗಿಂತ ಎಲೆಗಳ ನಡುವೆ ನಿಲ್ಲುವ ನೀರೇ ಜಾಸ್ತಿ ಅಪಾಯ, ಗಿಡವನ್ನು ಓರೆಯಾಗಿ ನೆಡಿ ಅಂದಿದ್ದಿರಿ.

ಹಾಗೇ ಮಾಡಿದೆ. ಐದರಲ್ಲಿ ಎರಡು ಆಗಲೇ ಹೋಗಿದ್ದವು. ಉಳಿದ ಮೂರನ್ನು ಕಿತ್ತು, ಕಪ್ಪಾದ ಭಾಗವನ್ನು ಚೂರಿಯಿಂದ ಕೆತ್ತಿ, ಗಾಯ ಒಣಗಲು ಕೆಲವು ದಿನ ನೆರಳಲ್ಲಿ ಇಟ್ಟೆ. ಆಮೇಲೆ ಎರಡು ಕಲ್ಲುಗಳ ಸಂದಿಯಲ್ಲಿ, ಗೋಡೆಗೆ ಅಂಟಿದ ಹಾಗೆ ಅಡ್ಡಲಾಗಿ ನೆಟ್ಟೆ. ಅರ್ಧ ಮಣ್ಣು, ಅರ್ಧ ಸಣ್ಣ ಜಲ್ಲಿ. ಗಿಡದ ಕುತ್ತಿಗೆಯ (ಬೇರು, ಎಲೆ ಸೇರುವ ಜಾಗ) ಸುತ್ತ 2 ಸೆಂ.ಮೀ. ಬರೀ ಜಲ್ಲಿ. ಅದರ ತವರಾದ ಕ್ಯಾಲಿಫೋರ್ನಿಯಾ, ಒರೆಗಾನ್ ಬೆಟ್ಟಗಳಲ್ಲೂ ಅದು ಬಂಡೆಯ ಬಿರುಕಲ್ಲೇ ಬೆಳೆಯುತ್ತದೆ, ಅಲ್ವಾ? ಮೊದಲೇ ಯೋಚಿಸಬೇಕಿತ್ತು.

ಈಗ ವಸಂತದ ಕೊನೆ. ಮೂರೂ ಹೂ ಬಿಟ್ಟಿವೆ! ಗುಲಾಬಿ ಎಸಳು, ಅದರ ಮೇಲೆ ಕಡು ಬಣ್ಣದ ಗೆರೆ. ಬೆಳಿಗ್ಗೆ ಎದ್ದ ತಕ್ಷಣ ಸುಮ್ನೆ ಅದರ ಮುಂದೆ ಕೂರುತ್ತೇನೆ.

ಪಕ್ಕದ ಜೆಂಟಿಯಾನಾ ಅಕಾಲಿಸ್ ಮಾತ್ರ ಈ ವರ್ಷವೂ ಬರೀ ಎಲೆ. ಆ ನೀಲಿ ಕಹಳೆ ಹೂಗಳಿಗಾಗಿ ಕಾದು ಸಾಕಾಗಿದೆ. ಇನ್ನೂ ಹೆಚ್ಚು ಬಿಸಿಲಿರುವ ಜಾಗಕ್ಕೆ ಬದಲಿಸಿ ನೋಡುತ್ತೇನೆ. ಆದರೆ ಈ ಗಿಡಕ್ಕೆ ಲೆವಿಸಿಯಾದಷ್ಟು ಒಣ ಜಾಗ ಆಗಲ್ಲ, ಬೇರಿನ ಹತ್ತಿರ ತೇವ ಬೇಕು. ನಿಮ್ಮಲ್ಲಿ ಯಾರಿಗಾದರೂ ಜಾಗ ಬದಲಿಸಿದ ಮೇಲೆ ಅದು ಹೂ ಬಿಟ್ಟಿದೆಯಾ?