ಸಹಾಯ ಬೇಕು: ದೊಡ್ಡ ರಂಗಕ್ಕೆ ನಮ್ಮ ನೃತ್ಯರೂಪಕ ಹೊಂದಿಸುವುದು ಹೇಗೆ?

ಎಲ್ಲರಿಗೂ ಶರಣು. ನಮ್ಮದು ಕಲಬುರಗಿಯ ಸಣ್ಣ ನೃತ್ಯ ತಂಡ, ಕಲಾವಿದರು 16 ಜನ. ಶರಣಬಸವೇಶ್ವರರ ದಾಸೋಹ ಕುರಿತ ನಮ್ಮ ನೃತ್ಯರೂಪಕವನ್ನು ಮುಂದಿನ ತಿಂಗಳು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ಆಡುವ ಅವಕಾಶ ಸಿಕ್ಕಿದೆ. 1963ರಿಂದ ನಾಡಿನ ಎಷ್ಟೋ ಕಲಾವಿದರು ಹೆಜ್ಜೆಯಿಟ್ಟ ರಂಗ ಅದು. ಸಂತೋಷದ ಜೊತೆಗೆ ಆತಂಕವೂ ಆಗಿದೆ.

ನಾವು ಅಭ್ಯಾಸ ಮಾಡುವುದು 24 ಅಡಿ ಅಗಲದ ಜಾಗದಲ್ಲಿ. ಅಲ್ಲಿನ ರಂಗ ಬಹಳ ವಿಶಾಲ. ಹೋದ ವಾರ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು 40 ಅಡಿಗೆ ಹರಡಿ ಕುಣಿದು ನೋಡಿದೆವು. ರೊಟ್ಟಿ ಬಡಿಯುವ ದೃಶ್ಯವೇ ಕೆಟ್ಟಿತು. ಎಂಟು ಹುಡುಗಿಯರು ಅಂಗೈ ತಟ್ಟುತ್ತಾ, ಅದೇ ಲಯಕ್ಕೆ ಹಿಮ್ಮಡಿ ಒತ್ತುತ್ತಾ ಒಂದೇ ಸಾಲಾಗಬೇಕು. ಎಲ್ಲರಿಗೂ ಎರಡೆರಡು ಹೆಜ್ಜೆ ಹೆಚ್ಚಾಗಿ, ಕೊನೆಯ ಹುಡುಗಿ ಬಂದು ಸೇರುವಷ್ಟರಲ್ಲಿ ತಾಳದ ಆವರ್ತನ ಮುಗಿದಿತ್ತು. ಅವಳ ಕಣ್ಣಲ್ಲಿ ನೀರು. ಹಾಡು ಧ್ವನಿಮುದ್ರಿತ, ಹಿಗ್ಗಿಸಲು ಬರುವುದಿಲ್ಲ. ಹೆಜ್ಜೆ ಉದ್ದ ಮಾಡಿದರೆ ಆ ದೃಶ್ಯದ ಅಂದವೇ ಹೋಗುತ್ತದೆ.

ಪಕ್ಕದ ಕಪ್ಪು ಪರದೆಗಳನ್ನು ಒಳಗೆ ಎಳೆದು ರಂಗವನ್ನು ಕಿರಿದು ಮಾಡಿ ಎಂದು ಹಿರಿಯರೊಬ್ಬರು ಹೇಳಿದರು. ಹಾಗೆ ಮಾಡಿದರೆ ಬದಿಯಿಂದ ಬೀಳುವ ಬೆಳಕಿಗೆ ಅಡ್ಡವಾಗುತ್ತದೆಯೇ? ನನ್ನ ಗೊಂದಲ ಇರುವುದು ಇಲ್ಲಿಯೇ. ರಾತ್ರಿ ರೈಲು ಹತ್ತಿ ಬೆಳಿಗ್ಗೆ ಇಳಿದರೆ ಅದೇ ಸಂಜೆ ಪ್ರದರ್ಶನ. ರಂಗದ ಮೇಲೆ ತಾಲೀಮಿಗೆ ಸಿಗುವುದು ಎರಡೇ ಗಂಟೆ, ಅಲ್ಲಿಗೆ ಹೋಗಿ ಪ್ರಯೋಗ ಮಾಡುತ್ತಾ ಕೂರಲಾಗದು.

ದೊಡ್ಡ ರಂಗಗಳಿಗೆ ತಂಡ ಕರೆದೊಯ್ದ ಅನುಭವ ಇರುವವರು ದಯವಿಟ್ಟು ತಿಳಿಸಿ: ಪರದೆ ಎಳೆದು ರಂಗ ಕಿರಿದು ಮಾಡುವುದು ಸರಿಯೇ, ಅಥವಾ ನಡುವಿನ 24 ಅಡಿಗೆ ಮಾತ್ರ ಬೆಳಕು ಬಿಟ್ಟು ಉಳಿದದ್ದನ್ನು ಕತ್ತಲಾಗಿಡುವುದು ಸರಿಯೇ?