ದೊಡ್ಡಪ್ಪ ಕಳಿಸಿದ ಒಳ್ಳೆಯ ಸುದ್ದಿ

ಭಾನುವಾರ ಬೆಳಿಗ್ಗೆ 6:40ಕ್ಕೆ ನಮ್ಮ ಮನೆಮಂದಿ ಗುಂಪಿಗೆ ಒಂದು ಫಾರ್ವರ್ಡ್ ಬಂತು. ಯಾರ ಹೆಸರು ನನ್ನ ಫೋನಿನಲ್ಲಿ ಹೇಗೆ ಸೇವ್ ಆಗಿದೆಯೋ ಹಾಗೇ ಇಲ್ಲಿ ಹಾಕಿದ್ದೇನೆ.

ತೀರ್ಥಹಳ್ಳಿ ದೊಡ್ಡಪ್ಪ: ಎಚ್ಚರ!! ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದ ಚಟಕ್ಕೆ ಬಿದ್ದಿದ್ದ 1 ಕೋಟಿ 20 ಲಕ್ಷ ಜನ ಆಟ ಬಿಟ್ಟು ಓಡುತ್ತಿದ್ದಾರೆ! ಚಂದಾ ಕಟ್ಟುವವರೇ ಇಲ್ಲ! ಯುವಜನ ಎಚ್ಚೆತ್ತಿದ್ದಾರೆ! ಎಲ್ಲರಿಗೂ ಕಳಿಸಿ 🙏🙏

ತೀರ್ಥಹಳ್ಳಿ ದೊಡ್ಡಪ್ಪ: ಒಳ್ಳೆಯ ಸುದ್ದಿ. ನಾನು ಅಂದೇ ಹೇಳಿದ್ದೆ.

ಅಂದು ಯಾರಿಗೆ ಹೇಳಿದ್ದರು ಅಂತ ಗುಂಪಿನಲ್ಲಿ ಎಲ್ಲರಿಗೂ ಗೊತ್ತು. ಅವರೂ ಗುಂಪಿನಲ್ಲೇ ಇದ್ದಾರೆ.

ಚಿಕ್ಕಮ್ಮ: 🙏 ಶುಭೋದಯ

ತಂಗಿ: ದೊಡ್ಡಪ್ಪ, ಇದರ ಮೂಲ ಯಾವುದು?

ತೀರ್ಥಹಳ್ಳಿ ದೊಡ್ಡಪ್ಪ: ಮೈಸೂರು ಅತ್ತೆ.

ಮೈಸೂರು ಅತ್ತೆ: ನನಗೆ ವಾಕಿಂಗ್ ಗುಂಪಿನಿಂದ ಬಂತು. ನಾನು ಓದಿಲ್ಲ.

ತಂಗಿ: 1 ಕೋಟಿ 20 ಲಕ್ಷ ಅನ್ನೋದು 2010ರ ಅಕ್ಟೋಬರ್ ಲೆಕ್ಕ. ಅದು ಆಟದ ಅತಿ ಹೆಚ್ಚು. ಆಮೇಲೆ ಇಳಿದಿದ್ದು ನಿಜ. 2015ರ ಕೊನೆಗೆ 55 ಲಕ್ಷ ಅಂತ ಹೇಳಿ, ಇನ್ನು ಮುಂದೆ ಚಂದಾದಾರರ ಲೆಕ್ಕ ಕೊಡಲ್ಲ ಅಂತ ಕಂಪನಿ ಬಾಯಿ ಮುಚ್ಚಿಕೊಂಡಿತು. 2024ರಲ್ಲಿ ಒಂದು ಭಾಷಣದ ಗ್ರಾಫ್ ನೋಡಿ 70 ಲಕ್ಷದ ಮೇಲೆ ಇರಬಹುದು ಅಂತ ಜನ ಅಂದಾಜು ಮಾಡಿದರು. ಎಲ್ಲರೂ ಓಡಿಹೋದರು ಅನ್ನೋದು ಸುಳ್ಳು.

ತೀರ್ಥಹಳ್ಳಿ ದೊಡ್ಡಪ್ಪ: ಅರ್ಧ ಓಡಿದರೂ ಒಳ್ಳೆಯದೇ ಪುಟ್ಟಿ. ತಿಂಗಳಿಗೆ ದುಡ್ಡು ಕಟ್ಟಿ ಆಡುವ ಆಟ ಎಲ್ಲಾದರೂ ಉಂಟಾ? ನಮ್ಮ ಕಾಲದಲ್ಲಿ ಚೌಕಾಬಾರಕ್ಕೆ ಚಂದಾ ಇತ್ತಾ?

ಇಷ್ಟು ಸಾಕಾಯಿತು.

ಸಾಗರದ ಅಣ್ಣ: ಆಹಾ ಚೌಕಾಬಾರ! ಅಜ್ಜಿ ಹುಣಸೆ ಬೀಜವನ್ನು ಜಗಲಿ ಕಲ್ಲಿಗೆ ತಿಕ್ಕಿ ಒಂದು ಮೈ ಬೆಳ್ಳಗೆ ಮಾಡಿ ಕೊಡುತ್ತಿದ್ದರು. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಬಾರಾ.

ಮೈಸೂರು ಅತ್ತೆ: ಅಮ್ಮ ಆಟದಲ್ಲಿ ಮೋಸ ಮಾಡುತ್ತಿದ್ದಳು. ಒಂದು ಬೀಜದ ಎರಡೂ ಮೈ ತಿಕ್ಕಿ ಇಟ್ಟುಕೊಂಡಿದ್ದಳು.

ತೀರ್ಥಹಳ್ಳಿ ದೊಡ್ಡಪ್ಪ: ಅಮ್ಮನ ಬಗ್ಗೆ ಹಾಗೆ ಮಾತಾಡಬೇಡ.

ಇಲ್ಲಿಂದ ಹದಿನಾರು ಮೆಸೇಜು ಅಜ್ಜಿ ಮೋಸ ಮಾಡುತ್ತಿದ್ದರೋ ಇಲ್ಲವೋ ಅನ್ನುವುದರ ಮೇಲೆ. ಬಿಟ್ಟಿದ್ದೇನೆ. (ಮಾಡುತ್ತಿದ್ದರು. ನಾನೇ ನೋಡಿದ್ದೇನೆ.) ಅಷ್ಟರಲ್ಲಿ ಡಲ್ಲಾಸ್‌ನಲ್ಲಿ ರಾತ್ರಿ ಊಟ ಮುಗಿದಿತ್ತು.

ಡಲ್ಲಾಸ್ ಭಾವ: ಮಾವ, ಜನ ಎಚ್ಚೆತ್ತು ಬಿಟ್ಟಿದ್ದಲ್ಲ. ಆಟದಲ್ಲಿ ಒಡನಾಟ ಹೋಯಿತು, ಅದಕ್ಕೆ ಬಿಟ್ಟರು. ಮೊದಲು ಒಂದು ಗುಹೆಗೆ ನುಗ್ಗಬೇಕು ಅಂದರೆ ಪಟ್ಟಣದ ಚೌಕದಲ್ಲಿ ನಿಂತು "ಹೀಲರ್ ಬೇಕು, ಯಾರಾದರೂ ಬನ್ನಿ" ಅಂತ ಕೂಗಬೇಕಿತ್ತು. ಹೀಲರ್ ಅಂದರೆ ಪೆಟ್ಟು ತಿಂದವರನ್ನು ಗುಣ ಮಾಡುವವನು. ಅರ್ಧ ಗಂಟೆ ಕಾಯುತ್ತಾ ಹರಟುತ್ತಿದ್ದೆವು. ಹಾಗೇ ಸ್ನೇಹ ಆಗುತ್ತಿತ್ತು. 2009ರ ಡಿಸೆಂಬರ್‌ನಲ್ಲಿ ಒಂದು ಬಟನ್ ಕೊಟ್ಟರು. ಒತ್ತಿದರೆ ನಾಲ್ಕು ಜನ ಅಪರಿಚಿತರು ಸಿಗುತ್ತಾರೆ. ಕೆಲಸ ಮುಗಿಸಿ ಒಂದು ಮಾತೂ ಆಡದೆ ಹೋಗುತ್ತಾರೆ. ಸಿಟಿ ಬಸ್ಸಿನ ಹಾಗೆ.

ತಂಗಿ: ಭಾವ, ಬಟನ್ ಬಂದಿದ್ದು 2009 ಡಿಸೆಂಬರ್. ಚಂದಾದಾರರು ಅತಿ ಹೆಚ್ಚು ಇದ್ದಿದ್ದು 2010 ಅಕ್ಟೋಬರ್. ಬಟನ್ನಿಂದ ಜನ ಹೋದರು ಅಂದರೆ ಹತ್ತು ತಿಂಗಳು ಏರಿದ್ದು ಹೇಗೆ?

ಡಲ್ಲಾಸ್ ಭಾವ: ಬುಡ ಕೊಳೆತ ಮರಕ್ಕೂ ಒಂದು ವರ್ಷ ಎಲೆ ಇರುತ್ತೆ.

ತಂಗಿ: ಗಾದೆ ಅಲ್ಲ, ಲೆಕ್ಕ ಹೇಳಿ. ನಿಮ್ಮಂಥ ಹಳಬರಿಗೆ ಅಂತಲೇ ವೈಲ್ಡ್‌ಸ್ಟಾರ್ ಅಂತ ಬೇರೆ ಆಟ ಮಾಡಿದರು. 40 ಜನ ಸೇರಿ ಆಡುವ ರೇಡ್, ಹಳೇ ಕಾಲದ ಕಷ್ಟ, ತಿಂಗಳ ಚಂದಾ, ಎಲ್ಲಾ ಇತ್ತು. 2014 ಜೂನ್‌ನಲ್ಲಿ ಬಂತು. ಮುಂದಿನ ವರ್ಷವೇ ಚಂದಾ ತೆಗೆದು ಪುಕ್ಕಟೆ ಮಾಡಿದರು. 2018 ನವೆಂಬರ್‌ನಲ್ಲಿ ಬಾಗಿಲು ಹಾಕಿದರು. ಆವಾಗ ಎಲ್ಲಿದ್ದಿರಿ?

ಡಲ್ಲಾಸ್ ಭಾವ: ಮಗಳು ಹುಟ್ಟಿದ್ದಳು.

ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ನನಗೆ ಇಡೀ ಚರ್ಚೆಯಲ್ಲಿ ಸರಿಯಾಗಿ ಬಂದ ಮಾತು ಇದೊಂದೇ ಅನಿಸಿತು. 2005ರಲ್ಲಿ 22 ವರ್ಷದವರಿಗೆ ರಾತ್ರಿ ನಾಲ್ಕು ಗಂಟೆ ಸಿಗುತ್ತಿತ್ತು. ಈಗ ಆ ವಯಸ್ಸಿನವರಿಗೆ ಪುಕ್ಕಟೆ ಆಟ ಬೇಕಾದಷ್ಟಿವೆ.

ತಂಗಿ: ನನ್ನ ಪ್ರಕಾರ ತೊಂದರೆ ಅಡುಗೆಯದ್ದು. 2014 ನವೆಂಬರ್‌ನಲ್ಲಿ ಹೊಸ ಭಾಗ ಬಂದಾಗ ವಾರ್‌ಕ್ರಾಫ್ಟ್ ಚಂದಾದಾರರು ಮತ್ತೆ 1 ಕೋಟಿ ದಾಟಿದರು. ಮಾರ್ಚ್ ಹೊತ್ತಿಗೆ 71 ಲಕ್ಷ. ಜೂನ್‌ಗೆ 56. ಮದುವೆ ಮನೇಲಿ ಭಟ್ಟರು ರಾತ್ರಿಯೆಲ್ಲ ನಿದ್ದೆಗೆಟ್ಟು ಬೇಯಿಸುತ್ತಾರೆ, ಪಂಕ್ತಿ ಅರ್ಧ ಗಂಟೆಗೆ ಏಳುತ್ತೆ. ಇದೂ ಹಾಗೇ. ಉಂಡವರು ಕೈ ತೊಳೆದು ಹೊರಟರು. ಮುಂದಿನ ಊಟದವರೆಗೆ ಚಂದಾ ಯಾಕೆ ಕಟ್ಟಬೇಕು?

ಚಿಕ್ಕಮ್ಮ: ಯಾರ ಮದುವೆ?

ತೀರ್ಥಹಳ್ಳಿ ದೊಡ್ಡಪ್ಪ: ಊಟದ ಮಾತು ಬಂತಲ್ಲ, ಹೇಳಿಯೇ ಬಿಡುತ್ತೇನೆ. 2008. ಅಳಿಯಂದಿರ ಮೊದಲ ದೀಪಾವಳಿ.

ಶುರುವಾಯಿತು ಅಂದುಕೊಂಡೆ.

ತೀರ್ಥಹಳ್ಳಿ ದೊಡ್ಡಪ್ಪ: ಬೆಳಿಗ್ಗೆ ಆರೂವರೆ. ಹಂಡೆ ತುಂಬ ನೀರು ಕಾದಿದೆ. ಎಣ್ಣೆ ಹಚ್ಚಿ ಕೂರಿಸಿದ್ದೇವೆ. ಬಚ್ಚಲಿಗೆ ಕರೆಯಲು ಹೋದರೆ ಮಹಡಿ ಮೇಲೆ ಲ್ಯಾಪ್‌ಟಾಪ್ ಮುಂದೆ!

ಡಲ್ಲಾಸ್ ಭಾವ: ಮಾವ, ಆಗ ಅಮೆರಿಕದಲ್ಲಿ ರಾತ್ರಿ 8. ರೇಡ್ ಹೊತ್ತು. 25 ಜನರಲ್ಲಿ ನಾನು ಹೀಲರ್. 24 ಜನ ಕಾಯುತ್ತಿದ್ದರು.

ತೀರ್ಥಹಳ್ಳಿ ದೊಡ್ಡಪ್ಪ: ಇಲ್ಲಿ 31 ಜನ ಕಾಯುತ್ತಿದ್ದರು.

ದೊಡ್ಡಮ್ಮ ಟೈಪ್ ಮಾಡುವುದಿಲ್ಲ. 47 ಸೆಕೆಂಡಿನ ವಾಯ್ಸ್ ಮೆಸೇಜ್ ಬಂತು. ಲ್ಯಾಪ್‌ಟಾಪನ್ನು ದಿಂಬಿನ ಮೇಲೆ ಇಟ್ಟಿದ್ದರಂತೆ. ದಿಂಬಿನ ಎಣ್ಣೆ ಕಲೆ ಸೀಗೆಪುಡಿಗೂ ಹೋಗಲಿಲ್ಲವಂತೆ. ಕೀಬೋರ್ಡಿನ ಮೇಲೆ ಬೆರಳು ಬೆರಳಾಗಿ ಎಣ್ಣೆ, ಅವಳೇ ಹಳೇ ಪಂಚೆ ತುಂಡಿನಲ್ಲಿ ಒರೆಸಿದ್ದು. ಕೊನೆಗೆ, "ಪಾಪ, ಹೋಗಲಿ ಬಿಡಿ" ಅಂತ.

ಡಲ್ಲಾಸ್ ಭಾವ: ಅತ್ತೆ 🙏 ಆ 24 ಜನ ಈಗ ಒಬ್ಬರೂ ಇಲ್ಲ. 2019 ಆಗಸ್ಟ್‌ನಲ್ಲಿ ಹಳೇ ಆಟವನ್ನೇ ಕ್ಲಾಸಿಕ್ ಅಂತ ಮತ್ತೆ ಬಿಟ್ಟಾಗ ಆಸೆಯಿಂದ ಚಂದಾ ಕಟ್ಟಿದೆ. ಒಂದೇ ಚಂದಾಕ್ಕೆ ಹೊಸದೂ ಬರುತ್ತೆ, ಅದನ್ನೂ ತೆರೆದು ನಮ್ಮ ಗಿಲ್ಡ್, ಅಂದರೆ ಜೊತೆಗೆ ಆಡುತ್ತಿದ್ದ ಗುಂಪಿನ, ಪಟ್ಟಿ ನೋಡಿದೆ. ಕೊನೆಯ ಸಲ ಬಂದಿದ್ದು 7 ವರ್ಷದ ಹಿಂದೆ, 8 ವರ್ಷದ ಹಿಂದೆ. ನನ್ನ ಹೆಸರೊಂದೇ ಬಣ್ಣದಲ್ಲಿ ಇತ್ತು. ಎರಡು ತಿಂಗಳು ಆಡಿ ಬಿಟ್ಟೆ.

ಸಾಗರದ ಅಣ್ಣ: 😔 ಹಳೇ ಮನೆ ಜಗಲಿ ನೆನಪಾಯಿತು.

ಅಕ್ಕ: 2019ರಲ್ಲಿ ಮತ್ತೆ ಕಟ್ಟಿದ್ದಿರಾ?

ಅಲ್ಲಿಯ ತನಕ ಅಕ್ಕ ಒಂದು ಅಕ್ಷರವನ್ನೂ ಹಾಕಿರಲಿಲ್ಲ.

ಡಲ್ಲಾಸ್ ಭಾವ: ಎರಡೇ ತಿಂಗಳು.

ಅಕ್ಕ: ಆಡಿದ್ದು ಎರಡು ತಿಂಗಳು. ಕಟ್ಟಿದ್ದು?

ತಂಗಿ: ಭಾವ, ಅದು ತಾನಾಗೇ ರಿನ್ಯೂ ಆಗುತ್ತೆ. ನಾವೇ ಕ್ಯಾನ್ಸಲ್ ಮಾಡಬೇಕು. ಮಾಡಿದ್ದಿರಿ ತಾನೆ?

'ಡಲ್ಲಾಸ್ ಭಾವ ಟೈಪ್ ಮಾಡುತ್ತಿದ್ದಾರೆ' ಅಂತ ಬಂತು. ಹೋಯಿತು. ಮತ್ತೆ ಬಂತು.

ಅಕ್ಕ: ಕಾರ್ಡ್ ಸ್ಟೇಟ್‌ಮೆಂಟ್ ನೋಡುತ್ತಿದ್ದೇನೆ. 14.99. ಹೋದ ತಿಂಗಳೂ ಇದೆ.

ತಂಗಿ: ದೊಡ್ಡಪ್ಪ, ಓಡಿಹೋಗದವರು ಒಬ್ಬರು ಸಿಕ್ಕರು.

ತೀರ್ಥಹಳ್ಳಿ ದೊಡ್ಡಪ್ಪ: 15 ಡಾಲರ್ ಅಂದರೆ ಎಷ್ಟು ರೂಪಾಯಿ?

ಅಕ್ಕ: ಮೇಲೇ ಇದ್ದೀರಲ್ವಾ? ಕೆಳಗೆ ಬನ್ನಿ.